ಸನ್ಮಾನಪತ್ರ ಬರೆಯುವ ಕೈಯಲ್ಲಿ ನಾಮನಿರ್ದೇಶನ

ಕಾಸರಗೋಡಿನಲ್ಲಿ ಸನ್ಮಾನಕ್ಕೆ ಬರವಿಲ್ಲ. ಶಾಲಾ ವಾರ್ಷಿಕೋತ್ಸವವಿರಲಿ, ಯಕ್ಷಗಾನ ಸಂಘದ ದಶಮಾನೋತ್ಸವವಿರಲಿ, ಬ್ರಹ್ಮಕಲಶೋತ್ಸವದ ಸಭೆಯಿರಲಿ, ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಸನ್ಮಾನಪತ್ರ ಇದ್ದೇ ಇರುತ್ತವೆ. ಆ ಪತ್ರ ಬರೆಯುವುದರಲ್ಲಿ ನಮ್ಮ ಕನ್ನಡ ಅಧ್ಯಾಪಕರನ್ನು ಮೀರಿಸುವವರು ಕಡಿಮೆ. ತೊಂದರೆ ಏನೆಂದರೆ, ಒಬ್ಬ ಖಗೋಳ ವಿಜ್ಞಾನಿಯ ಅಥವಾ ಭೂಭೌತ ವಿಜ್ಞಾನಿಯ, ಅಂದರೆ ನೆಲದೊಳಗನ್ನು ಅಳೆದು ತಿಳಿಯುವವರ, ಹೆಸರನ್ನು ರಾಷ್ಟ್ರಮಟ್ಟದ ಪ್ರಶಸ್ತಿಗೆ ಸೂಚಿಸಲು ಕುಳಿತಾಗಲೂ ಅದೇ ಕೈ ಸನ್ಮಾನಪತ್ರವನ್ನೇ ಬರೆದುಬಿಡುತ್ತದೆ.

ಭೂಭೌತಶಾಸ್ತ್ರದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನಾಮನಿರ್ದೇಶನ ಬರೆದಿದ್ದೇನೆ, ಆಯ್ಕೆ ಸಮಿತಿಯಲ್ಲಿ ಕುಳಿತು ಓದಿಯೂ ಇದ್ದೇನೆ. ಕುಂಬಳೆಗೆ ಬಂದು ನೆಲೆಸಿದ ಮೇಲೆ ಮಂಜೇಶ್ವರದಿಂದ ಪೆರಿಯದವರೆಗಿನ ಕಾಲೇಜುಗಳ ಪರಿಚಿತರು ತಮ್ಮ ಕರಡುಗಳನ್ನು ತಂದು ತೋರಿಸುತ್ತಾರೆ. ಹೆಚ್ಚಿನವು ‘ಕುಗ್ರಾಮವೊಂದರ ಕೃಷಿಕ ದಂಪತಿಯ ಮಗನಾಗಿ ಜನಿಸಿ’ ಎಂದೇ ಆರಂಭವಾಗುತ್ತವೆ. ಎರಡನೆಯ ಪುಟದವರೆಗೂ ಆ ವ್ಯಕ್ತಿ ಶಾಲೆಗೆ ನಡೆದುಹೋದ ದೂರ, ತಾಯಿಯ ತ್ಯಾಗ, ಸರಳ ಸಜ್ಜನಿಕೆ. ಅವರು ಕಂಡುಹಿಡಿದದ್ದೇನು ಎಂಬುದು ಮೂರನೆಯ ಪುಟದಲ್ಲಿ, ಅದೂ ‘ನೂರಾರು ಪ್ರಬಂಧಗಳನ್ನು ಮಂಡಿಸಿ’ ಎಂಬ ಒಂದು ಸಾಲಿನಲ್ಲಿ. ತಾಳಮದ್ದಳೆಯಲ್ಲಿ ಅರ್ಥಧಾರಿ ಅರ್ಧ ಗಂಟೆ ಪೀಠಿಕೆ ಹೇಳಿದರೆ ಜನ ತಲೆದೂಗುತ್ತಾರೆ. ಆಯ್ಕೆ ಸಮಿತಿಯ ಸದಸ್ಯನಿಗೆ ಆ ಪುರುಸೊತ್ತಿಲ್ಲ. ಅವನ ಮುಂದೆ ಕಡತಗಳ ರಾಶಿಯಿದೆ; ಮೊದಲ ಸುತ್ತಿನಲ್ಲಿ ಒಂದೊಂದಕ್ಕೆ ಸಿಗುವುದು ಕೆಲವೇ ನಿಮಿಷ. ಅಷ್ಟರೊಳಗೆ ಅವನು ಹುಡುಕುವುದು ಒಂದೇ ಪ್ರಶ್ನೆಗೆ ಉತ್ತರ: ಈ ಕೆಲಸಕ್ಕೆ ಮೊದಲು ನಮಗೆ ತಿಳಿಯದೇ ಇದ್ದದ್ದು ಯಾವುದು, ಈಗ ತಿಳಿದಿರುವುದು ಯಾವುದು?

ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರನ್ನೇ ತೆಗೆದುಕೊಳ್ಳಿ. ಕದಡಿದ ಕಪ್ಪುಕುಳಿ (ಬೆಳಕೂ ಹೊರಬರಲಾರದಷ್ಟು ಗುರುತ್ವವಿರುವ ಆಕಾಶಕಾಯ) ಮತ್ತೆ ಶಾಂತವಾಗುವಾಗ ಹೇಗೆ ಅನುರಣಿಸುತ್ತದೆ, ಆ ಕಂಪನ ಎಷ್ಟು ಬೇಗ ಅಡಗುತ್ತದೆ ಎಂಬುದನ್ನು ಅವರು 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಕಪ್ಪುಕುಳಿ ಎಂಬುದು ನಿಜವಾಗಿ ಇದೆಯೇ ಎಂದು ಬಲ್ಲವರೇ ಅನುಮಾನಿಸುತ್ತಿದ್ದ ಕಾಲ ಅದು. ಕಪ್ಪುಕುಳಿಗಳು ಕದಡಿದಾಗ ಹೊಮ್ಮುವ ಗುರುತ್ವ ಅಲೆಗಳು ಪತ್ತೆಕಾರಕದಲ್ಲಿ ಮೊದಲ ಬಾರಿಗೆ ದಾಖಲಾದದ್ದು 2015ರ ಸೆಪ್ಟೆಂಬರ್ 14ರಂದು. ನಡುವೆ ನಲವತ್ತೈದು ವರ್ಷ. ಅವರು 2017ರ ಜನವರಿಯಲ್ಲಿ ತೀರಿಕೊಂಡರು. ತಮ್ಮ ಲೆಕ್ಕದ ಅಲೆ ಸಿಕ್ಕಿತೆಂಬ ಸುದ್ದಿ ಕೇಳಿ ಹೋದರು ಎಂಬುದಷ್ಟೇ ಸಮಾಧಾನ. ಈಗ ಊಹಿಸಿಕೊಳ್ಳಿ, 1985ರಲ್ಲಿ ಯಾರಾದರೂ ಅವರ ಹೆಸರನ್ನು ಸೂಚಿಸಬೇಕಿದ್ದರೆ ಏನು ಬರೆಯಬೇಕಿತ್ತು? ‘ಅಪ್ರತಿಮ ಮೇಧಾವಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಕಪ್ಪುಕುಳಿಯನ್ನು ಅದರ ಅನುರಣನದಿಂದಲೇ ಗುರುತಿಸಬಹುದು ಎಂಬ ದಾರಿಯನ್ನು ತೆರೆದವರು ಇವರು, ಇಂದು ಈ ಕಂಪನಗಳ ಲೆಕ್ಕದಲ್ಲಿ ತೊಡಗಿರುವ ಇತರರು ಇವರ ಪ್ರಬಂಧದಿಂದಲೇ ಹೊರಡುತ್ತಾರೆ’ ಎಂದರೆ, ಪುರಾವೆ ಆಕಾಶದಿಂದ ಬರುವ ಮೊದಲೇ ಸಮಿತಿಯ ಕೈಗೆ ಹಿಡಿತ ಸಿಗುತ್ತದೆ. ಪ್ರಕೃತಿ ಸಾಕ್ಷಿ ನುಡಿಯುವವರೆಗೆ ಕಾಯುವುದಾದರೆ ನಾಮನಿರ್ದೇಶನ ಮಾಡುವವರು ಏಕೆ ಬೇಕು?

ಎರಡನೆಯ ಗಂಟು, ಯಾರು ಏನು ಮಾಡಿದರು ಎಂಬುದು. ಜೋಸ್ಲಿನ್ ಬೆಲ್ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ, 1967ರಲ್ಲಿ, ರೇಡಿಯೋ ದೂರದರ್ಶಕದ ಕಾಗದದ ಸುರುಳಿಯ ಮೇಲೆ ಬಿದ್ದಿದ್ದ ಸಣ್ಣದೊಂದು ಗೀಚನ್ನು ಕಂಡು, ಇದು ಕಸವಲ್ಲ ಎಂದು ಬೆನ್ನುಹತ್ತಿದರು. ಅದೇ ಪಲ್ಸಾರ್, ಅಂದರೆ ತಾಳ ತಪ್ಪದೆ ಮಿಡಿಯುವ ರೇಡಿಯೋ ಅಲೆಗಳ ನಕ್ಷತ್ರ. 1974ರ ನೊಬೆಲ್ ಹೋದದ್ದು ಅವರ ಮಾರ್ಗದರ್ಶಕ ಹ್ಯೂವಿಶ್ ಅವರಿಗೆ ಮತ್ತು ಮಾರ್ಟಿನ್ ರೈಲ್ ಅವರಿಗೆ. ಲಂಡನ್ನಿನ ರಾಯಲ್ ಆಸ್ಟ್ರಾನಾಮಿಕಲ್ ಸೊಸೈಟಿ ಬೆಲ್ ಅವರಿಗೆ ಹರ್ಷೆಲ್ ಪದಕ ಕೊಟ್ಟದ್ದು 1989ರಲ್ಲಿ, ಚಿನ್ನದ ಪದಕ 2021ರಲ್ಲಿ. 2018ರಲ್ಲಿ ಬಂದ ಮೂವತ್ತು ಲಕ್ಷ ಡಾಲರಿನ ಬ್ರೇಕ್‌ಥ್ರೂ ಬಹುಮಾನವನ್ನು ಅವರು ಪೂರ್ತಿಯಾಗಿ ವಿದ್ಯಾರ್ಥಿವೇತನಕ್ಕೆ ಬಿಟ್ಟುಕೊಟ್ಟರು. ಗೀಚನ್ನು ಕಂಡ ಕಣ್ಣು ಯಾರದು ಎಂಬ ಒಂದು ಸಾಲು ಇಂಥ ಕಡತದಲ್ಲಿ ಎಷ್ಟು ತೂಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಈಗಿನ ಪ್ರಬಂಧಗಳಲ್ಲಿ ಲೇಖಕರ ಪಟ್ಟಿಯೇ ಒಂದು ಪುಟ ಇರುತ್ತದೆ. ‘ತಂಡದ ಪ್ರಮುಖ ಸದಸ್ಯರು’ ಎಂದು ಬರೆದರೆ ಸಮಿತಿಗೆ ಏನೂ ತಿಳಿಯದು. ಉಪಕರಣ ಕಟ್ಟಿದರೋ, ದತ್ತಾಂಶವನ್ನು ಸೋಸಿದರೋ, ಫಲಿತಾಂಶದ ಅರ್ಥ ಮೊದಲು ಹೊಳೆದದ್ದು ಇವರಿಗೋ, ಅದನ್ನು ಹೆಸರು ಹಿಡಿದು ಹೇಳಬೇಕು. ಎಲ್ಲವನ್ನೂ ಇವರೇ ಮಾಡಿದರು ಎಂದು ಬರೆಯುವುದು ಅದಕ್ಕಿಂತ ಕೆಟ್ಟದ್ದು. ಆ ತಂಡದಲ್ಲಿದ್ದ ಒಬ್ಬರಾದರೂ ಸಮಿತಿಯಲ್ಲಿ ಕುಳಿತಿರುತ್ತಾರೆ.

ಭೂಭೌತಶಾಸ್ತ್ರದವರ ಪಾಡು ಇನ್ನೂ ಕಷ್ಟ. ನಕ್ಷತ್ರ ಎಲ್ಲರಿಗೂ ಕಾಣುತ್ತದೆ, ನೆಲದಡಿಯದು ಕಾಣುವುದಿಲ್ಲ. ನೊಬೆಲ್ ಪಟ್ಟಿಯಲ್ಲಿ ನಮ್ಮ ಶಾಸ್ತ್ರಕ್ಕೆ ಜಾಗವೇ ಇಲ್ಲ. ಆ ಕೊರತೆಯನ್ನು ಒಂದಿಷ್ಟು ತುಂಬಲೆಂದೇ ಸ್ವೀಡನ್ನಿನ ಕ್ರಾಫೋರ್ಡ್ ಪ್ರಶಸ್ತಿ ಬಂತು. ರಾಯಲ್ ಆಸ್ಟ್ರಾನಾಮಿಕಲ್ ಸೊಸೈಟಿ 1824ರಿಂದ ಚಿನ್ನದ ಪದಕ ಕೊಡುತ್ತಿದ್ದರೂ, ಖಗೋಳಕ್ಕೊಂದು, ಭೂಭೌತಕ್ಕೊಂದು ಎಂದು ಎರಡು ಪದಕ ಕೊಡತೊಡಗಿದ್ದು 1964ರಿಂದ. ನಮ್ಮಲ್ಲಿ ಗಣಿ ಸಚಿವಾಲಯದ ರಾಷ್ಟ್ರೀಯ ಭೂವಿಜ್ಞಾನ ಪ್ರಶಸ್ತಿಗಳಿವೆ. ಭಟ್ನಾಗರ್ ಪ್ರಶಸ್ತಿ ಈಗ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದೊಳಗೆ ಸೇರಿ, 45 ವರ್ಷದೊಳಗಿನವರಿಗೆ ವಿಜ್ಞಾನ ಯುವ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಅದರ ಜೊತೆಗೇ ಇರುವ ವಿಜ್ಞಾನ ತಂಡ ವಿಭಾಗದಲ್ಲಿ 2024ರಲ್ಲಿ ಚಂದ್ರಯಾನ-3ರ ತಂಡಕ್ಕೆ ಪುರಸ್ಕಾರ ಬಂತು. ಒಬ್ಬರ ಹೆಸರನ್ನೇ ಎತ್ತಿ ಹಿಡಿಯಲಾಗದ ಕೆಲಸಗಳಿಗೆ ಆ ಬಾಗಿಲು ಸರಿಯಾದದ್ದು.

ಆದರೆ ಭೂಭೌತ ವಿಜ್ಞಾನಿಯ ಕೆಲಸದ ಬಹುಪಾಲು ಪತ್ರಿಕೆಗಳಲ್ಲಿ ಅಚ್ಚಾಗುವುದೇ ಇಲ್ಲ. ತೈಲ ಶೋಧನೆಯ ವರದಿ ಕಪಾಟಿನಲ್ಲಿ, ಅಂತರ್ಜಲದ ನಕ್ಷೆ ಇಲಾಖೆಯಲ್ಲಿ, ಅಣೆಕಟ್ಟಿನ ಜಾಗದ ಪರೀಕ್ಷೆ ಗುತ್ತಿಗೆದಾರನ ಕಡತದಲ್ಲಿ. ಪ್ರಬಂಧಗಳನ್ನು ಎಣಿಸುವ ಸಮಿತಿಯ ಮುಂದೆ ಇಂಥವರು ಬರಿಗೈಯವರಂತೆ ಕಾಣುತ್ತಾರೆ. ಆಗ ತೋರಿಸಬೇಕಾದದ್ದು, ಆ ಕೆಲಸದಿಂದ ನಿಯಮದಲ್ಲಿ, ನಕ್ಷೆಯಲ್ಲಿ, ಜನರ ಬದುಕಿನಲ್ಲಿ ಏನು ಬದಲಾಯಿತು ಎಂಬುದನ್ನು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರಿನ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಗಟ್ಟಿ ನೆಲ, ಹೆದರಿಕೆಯಿಲ್ಲ ಎಂದು ದೇಶದ ಭೂಕಂಪ ನಕ್ಷೆ ಆ ಊರನ್ನು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ ಇಟ್ಟಿತ್ತು. 2002ರ ಪರಿಷ್ಕರಣೆಯಲ್ಲಿ ಆ ಒಂದನೆಯ ವಲಯವನ್ನೇ ಕೈಬಿಟ್ಟರು. ಅಂಥ ಬದಲಾವಣೆಯ ಹಿಂದೆ ದತ್ತಾಂಶ ಒದಗಿಸಿದವರಿರುತ್ತಾರೆ, ಬಿರುಕುಗಳನ್ನು ಅಗೆದು ನೋಡಿದವರಿರುತ್ತಾರೆ. ಅವರಲ್ಲೊಬ್ಬರ ಹೆಸರನ್ನು ಸೂಚಿಸುವವರು ಪ್ರಬಂಧಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ನಕ್ಷೆ ಪರಿಷ್ಕರಿಸಿದ ಸಮಿತಿಯ ವರದಿಯ ಯಾವ ಪುಟದಲ್ಲಿ ಇವರ ಅಳತೆ ಬಳಕೆಯಾಗಿದೆ ಎಂದು ತೋರಿಸಿದರೆ ಸಾಕು.

ನಮ್ಮ ಮುರಕಲ್ಲಿನ ನಾಡಿಗೂ ಇದೇ ಮಾತು ಸಲ್ಲುತ್ತದೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ನೀರು ಯಾವ ಪದರದಿಂದ ಜಿನುಗುತ್ತದೆ, ಮಳೆಗಾಲದಲ್ಲಿ ಮಣ್ಣು ಒಳಗೊಳಗೇ ಕೊಚ್ಚಿಹೋಗಿ ನೆಲ ಹೇಗೆ ಕುಸಿಯುತ್ತದೆ ಎಂದು ಅಳೆಯುವ ತರುಣ ಸಂಶೋಧಕರಿದ್ದಾರೆ. ‘ನಾಡಿನ ಜಲಸಂಪತ್ತಿಗೆ ಅಮೂಲ್ಯ ಕೊಡುಗೆ’ ಎಂಬ ಮಾತಿಗಿಂತ, ‘ಇವರು ನೆಲದ ವಿದ್ಯುತ್ ರೋಧ ಅಳೆದು ಬೇಡವೆಂದ ಜಾಗಗಳಲ್ಲಿ ಕೊರೆದ ಬೋರ್‌ವೆಲ್‌ಗಳು ಬತ್ತಿದವು, ಹೌದೆಂದ ಕಡೆ ಬೇಸಿಗೆಯಲ್ಲೂ ನೀರಿತ್ತು, ದಾಖಲೆ ಲಗತ್ತಿಸಿದೆ’ ಎಂಬ ಮಾತು ಎಷ್ಟೋ ಪಾಲು ಮೇಲು.

ಬೆಂಬಲ ಪತ್ರಗಳ ವಿಷಯದಲ್ಲಿ ನಮ್ಮವರದು ವಿಚಿತ್ರ ಉದಾರತೆ. ಪಂಚಾಯತ್ ಅಧ್ಯಕ್ಷರಿಂದ, ಶಾಸಕರಿಂದ, ಮಠದಿಂದ ಪತ್ರ ತಂದು ಪೋಣಿಸುತ್ತಾರೆ. ಅವರ ಆಶೀರ್ವಾದ ದೊಡ್ಡದೇ, ಆದರೆ ಸಮಿತಿ ಅದನ್ನು ಬದಿಗಿಡುತ್ತದೆ. ಅಭ್ಯರ್ಥಿಯ ಮೇಲಧಿಕಾರಿಯ ಪತ್ರಕ್ಕೂ ತೂಕ ಕಡಿಮೆ. ಅದೇ ಕ್ಷೇತ್ರದಲ್ಲಿ ದೂರದ ಊರಿನಲ್ಲಿ ಕೆಲಸ ಮಾಡುವ, ಇವರೊಂದಿಗೆ ಎಂದೂ ಪ್ರಬಂಧ ಬರೆಯದ ಒಬ್ಬರು ‘ಇವರ ವಿಧಾನವನ್ನು ನಾನು ಬಳಸಿದೆ, ಇಂಥ ಕಡೆ ಉಪಯೋಗವಾಯಿತು’ ಎಂದು ಅರ್ಧ ಪುಟ ಬರೆದುಕೊಟ್ಟರೆ ಕಡತ ಗೆಲ್ಲುವ ಕಡೆಗೆ ವಾಲುತ್ತದೆ. ಹೆಣ್ಣುಮಕ್ಕಳ ಬಗ್ಗೆ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಗಂಡಸನ್ನು ‘ಪ್ರತಿಭಾವಂತ’ ಎನ್ನುವವರು ಹೆಂಗಸಿಗೆ ‘ಕಷ್ಟಸಹಿಷ್ಣು, ಎಲ್ಲರೊಂದಿಗೆ ಹೊಂದಿಕೊಳ್ಳುವವರು’ ಎನ್ನುತ್ತಾರೆ. ರಾಯಲ್ ಆಸ್ಟ್ರಾನಾಮಿಕಲ್ ಸೊಸೈಟಿಯ ಚಿನ್ನದ ಪದಕ 1828ರಲ್ಲಿ ಕ್ಯಾರೊಲಿನ್ ಹರ್ಷೆಲ್ ಅವರಿಗೆ ಬಂದ ಮೇಲೆ ಮತ್ತೊಬ್ಬ ಮಹಿಳೆಗೆ, ವೆರಾ ರೂಬಿನ್ ಅವರಿಗೆ, ಸಿಕ್ಕಿದ್ದು 1996ರಲ್ಲಿ. ಆ ನೂರ ಅರವತ್ತೆಂಟು ವರ್ಷಗಳಲ್ಲಿ ಯೋಗ್ಯರು ಇರಲಿಲ್ಲ ಎಂದು ಯಾರೂ ನಂಬಲಾರರು.

ಜನರಿಗೆ ವಿಜ್ಞಾನ ತಲುಪಿಸುವವರಿಗೆ ಬೇರೆಯೇ ಪ್ರಶಸ್ತಿಗಳಿವೆ: ಭಾರತೀಯ ಖಗೋಳ ಸಂಘದ ಜುಬಿನ್ ಕೆಂಭಾವಿ ಪ್ರಶಸ್ತಿ, ಲಂಡನ್ನಿನ ಆನಿ ಮಾಂಡರ್ ಪದಕ. ಇದೇನೂ ಎರಡನೆಯ ದರ್ಜೆಯ ಕೆಲಸವಲ್ಲ. ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ಬೆಳಕು ಏರಿಳಿಯುವ ಒಂದು ಚಂಚಲ ನಕ್ಷತ್ರವನ್ನು ಕಂಡುಹಿಡಿದವರು. 1874ರ ಶುಕ್ರ ಸಂಕ್ರಮಣದ (ಶುಕ್ರ ಸೂರ್ಯನ ಮುಂದೆ ಹಾದುಹೋಗುವುದರ) ಬಗ್ಗೆ ಜನಸಾಮಾನ್ಯರಿಗಾಗಿ ಅವರು ಸಿದ್ಧಪಡಿಸಿದ ಪುಸ್ತಿಕೆ ಕನ್ನಡದಲ್ಲೂ ಬಂತು. ನಮ್ಮ ಕಾಸರಗೋಡು ಆಗ ಮದರಾಸಿಗೇ ಸೇರಿತ್ತು. 2019ರ ಡಿಸೆಂಬರ್ 26ರ ಬೆಳಿಗ್ಗೆ ಚೆರ್ವತ್ತೂರಿನಲ್ಲಿ ಕಂಕಣ ಗ್ರಹಣ ಸುಮಾರು ಮೂರು ನಿಮಿಷ ಕಂಡಾಗ ನೆರೆದ ಜಾತ್ರೆ ನೆನಪಿರಬಹುದು. ಅಂದು ಮಕ್ಕಳಿಗೆ ಸೌರ ಕನ್ನಡಕ ಹಂಚಿದ ಶಿಕ್ಷಕರ ಹೆಸರನ್ನು ಸೂಚಿಸುವುದಾದರೆ ಬಂದವರ ತಲೆ ಎಣಿಸಬೇಡಿ. ಆ ಬೆಳಿಗ್ಗೆಯ ನಂತರ ಆ ಶಾಲೆಯಲ್ಲಿ ಏನು ಉಳಿಯಿತು ಎಂದು ಬರೆಯಿರಿ.

ಗಡಿಯವರ ಹಣೆಬರಹ ಬೇರೆ. ರಾಜ್ಯ ಪ್ರಶಸ್ತಿಗಳ ಮಾತು ಬಂದರೆ ಇತ್ತ ‘ಅವರು ಕರ್ನಾಟಕದವರಲ್ಲವೇ’ ಎನ್ನುತ್ತಾರೆ, ಅತ್ತ ‘ಅವರು ಕೇರಳದವರು’ ಎನ್ನುತ್ತಾರೆ. ದೊಡ್ಡ ವೈಜ್ಞಾನಿಕ ಪ್ರಶಸ್ತಿಗಳು ಊರು ಕೇಳುವುದಿಲ್ಲ ಎಂಬುದು ನಮ್ಮಂಥವರಿಗೆ ಅನುಕೂಲವೇ. ಖಗೋಳ ವಿಜ್ಞಾನಿ ಶ್ರೀನಿವಾಸ ಕುಲಕರ್ಣಿ ಹುಟ್ಟಿದ್ದು ಕೊಲ್ಹಾಪುರ ಜಿಲ್ಲೆಯ ಕುರುಂದವಾಡದಲ್ಲಿ, ಬೆಳೆದದ್ದು ಹುಬ್ಬಳ್ಳಿಯಲ್ಲಿ, ದುಡಿದದ್ದು ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ. 2024ರ ಶಾ ಪ್ರಶಸ್ತಿ ಅವರಿಗೆ ಬಂದಾಗ ಹೇಳಿದ್ದು ಪಲ್ಸಾರ್, ಸೂಪರ್‌ನೋವಾ, ಗಾಮಾ ಕಿರಣ ಸ್ಫೋಟಗಳ ಮಾತು.

ಇನ್ನು ವ್ಯವಹಾರದ ಮಾತು. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಹೆಸರು ಸೂಚಿಸಬಹುದು, ತಮ್ಮದನ್ನೇ ಸೂಚಿಸಿಕೊಳ್ಳಲೂ ಬಹುದು; ವಿವರಣೆ 800 ಪದಗಳನ್ನು ಮೀರಬಾರದು. ಸರ್ಕಾರಿ ನೌಕರರಿಗೆ ಅದು ಸಾಮಾನ್ಯವಾಗಿ ಸಿಗುವುದಿಲ್ಲವಾದರೂ ವೈದ್ಯರಿಗೂ ವಿಜ್ಞಾನಿಗಳಿಗೂ ವಿನಾಯಿತಿ ಇದೆ. ನೊಬೆಲ್‌ಗೆ ಸ್ವಂತ ಹೆಸರು ಸಲ್ಲದು, ಕಡತ ಐವತ್ತು ವರ್ಷ ಗುಟ್ಟು. ಹಾಗೆ ತೆರೆದ ಕಡತಗಳಿಂದಲೇ ಖಗೋಳ ಭೌತವಿಜ್ಞಾನಿ ಮೇಘನಾದ ಸಹಾ ಅವರ ಹೆಸರು 1930ರಿಂದ ಹಲವು ಬಾರಿ ಹೋಗಿತ್ತೆಂದು ನಮಗೆ ತಿಳಿದದ್ದು. ಒಮ್ಮೆ ತಪ್ಪಿತೆಂದು ಸುಮ್ಮನಾಗಬೇಡಿ. ಹಾಗೆಂದು ತಾರೀಕು ತಿದ್ದಿ ಅದೇ ಪತ್ರವನ್ನು ಮತ್ತೆ ಕಳುಹಿಸಲೂ ಬೇಡಿ. ವರ್ಷದೊಳಗೆ ಆ ಕೆಲಸವನ್ನು ಹೊಸದಾಗಿ ಯಾರು ಬಳಸಿದರು ಎಂದು ಹುಡುಕಿ, ಮೊದಲ ಪರಿಚ್ಛೇದವನ್ನು ಅಲ್ಲಿಂದ ಆರಂಭಿಸಿ. ಹುಟ್ಟೂರು ಕೊನೆಯಲ್ಲಿ ಬಂದರೆ ಸಾಕು, ಜಾಗ ಉಳಿದಿದ್ದರೆ.