ಲಿಟ್ಮಸ್ ಹೇಳುವುದು ಅರ್ಧ ಮಾತ್ರ

ಲಿಟ್ಮಸ್ ಕೆಂಪಾದರೆ ಆಮ್ಲ, ನೀಲಿಯಾದರೆ ಪ್ರತ್ಯಾಮ್ಲ, ಬಣ್ಣ ಬದಲಾಗದಿದ್ದರೆ ಲವಣ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ಸೂತ್ರವನ್ನು ಪೂರ್ತಿ ನಂಬಬೇಡಿ.

ವಾಷಿಂಗ್ ಸೋಡಾವನ್ನು ನೀರಿನಲ್ಲಿ ಕರಗಿಸಿ, ಕೆಂಪು ಲಿಟ್ಮಸ್ ಕಾಗದದ ತುದಿಯನ್ನು ಅದ್ದಿ. ಒದ್ದೆಯಾದಷ್ಟೂ ಭಾಗ ನೀಲಿಯಾಗುತ್ತದೆ. ಹಾಗಾದ್ರೆ ಅದು ಪ್ರತ್ಯಾಮ್ಲ ಅಲ್ವಾ? ಅಲ್ಲ, ಅದು ಸೋಡಿಯಂ ಕಾರ್ಬೊನೇಟ್ ಎಂಬ ಲವಣ. ಅಮೋನಿಯಂ ಕ್ಲೋರೈಡ್ ಇದಕ್ಕೆ ಉಲ್ಟಾ. ಅದೂ ಲವಣವೇ, ಆದರೆ ಅದರ ದ್ರಾವಣ ಆಮ್ಲದ ಕಡೆಗೆ ವಾಲುತ್ತದೆ.

ಆಮ್ಲ ನೀರಿನಲ್ಲಿ ಹೈಡ್ರೋಜನ್ ಅಯಾನು (ವಿದ್ಯುದಾವೇಶ ಹೊತ್ತ ಕಣ) ಕೊಡುತ್ತದೆ, ಪ್ರತ್ಯಾಮ್ಲ ಹೈಡ್ರಾಕ್ಸೈಡ್ ಅಯಾನು ಕೊಡುತ್ತದೆ ಎಂದವನು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್. 1884ರಲ್ಲಿ ಅವನು ಬರೆದ ಪಿಎಚ್.ಡಿ. ಪ್ರಬಂಧಕ್ಕೆ ಉಪ್ಸಾಲಾದ ಪ್ರಾಧ್ಯಾಪಕರು ಕೊಟ್ಟಿದ್ದು ಕಳಪೆ ದರ್ಜೆ. ಅಲ್ಲಿ ಶುರುವಾದ ವಿಚಾರಕ್ಕೇ 1903ರಲ್ಲಿ ನೊಬೆಲ್ ಬಂತು! ಅವನ ಮಾತಿನಲ್ಲಿ 'ನೀರಿನಲ್ಲಿ' ಅನ್ನುವುದು ಮುಖ್ಯ. ಸಿಟ್ರಿಕ್ ಆಮ್ಲದ ಒಣ ಹರಳನ್ನು ಒಣ ನೀಲಿ ಲಿಟ್ಮಸ್ ಮೇಲೆ ಸುಮ್ನೆ ಇಟ್ಟರೆ ಏನೂ ಆಗುವುದಿಲ್ಲ. ಒಂದು ಹನಿ ನೀರು ಬಿಡಿ, ಹರಳಿನ ಸುತ್ತ ಕೆಂಪು ಹರಡುತ್ತದೆ.

ಆಮ್ಲ ಮತ್ತು ಪ್ರತ್ಯಾಮ್ಲ ಸೇರಿದಾಗ ಆ ಎರಡು ಅಯಾನುಗಳು ಕೂಡಿ ನೀರಾಗುತ್ತವೆ. ಉಳಿದವು ಸೇರಿದರೆ ಲವಣ. ಹಾಗಾಗಿ ಲವಣಕ್ಕೆ ಇಬ್ಬರು ಹೆತ್ತವರು, ಇಬ್ಬರ ಗುಣವೂ ಅದರಲ್ಲಿ ಇಣುಕುತ್ತದೆ. ಇಬ್ಬರೂ ಪ್ರಬಲರಾದರೆ ಅಡುಗೆ ಉಪ್ಪಿನ ಹಾಗೆ ತಟಸ್ಥ. ವಾಷಿಂಗ್ ಸೋಡಾಕ್ಕೆ ಒಂದು ಕಡೆ ಪ್ರಬಲವಾದ ಸೋಡಿಯಂ ಹೈಡ್ರಾಕ್ಸೈಡ್, ಇನ್ನೊಂದು ಕಡೆ ದುರ್ಬಲವಾದ ಕಾರ್ಬೊನಿಕ್ ಆಮ್ಲ. ಅದರ ಕಾರ್ಬೊನೇಟ್ ಅಯಾನು ನೀರಿನಿಂದಲೇ ಹೈಡ್ರೋಜನ್ ಅಯಾನು ಕಿತ್ತುಕೊಳ್ಳುತ್ತದೆ. ಹಿಂದೆ ಉಳಿಯುವ ಹೈಡ್ರಾಕ್ಸೈಡ್ ಲಿಟ್ಮಸ್ಸನ್ನು ನೀಲಿ ಮಾಡುತ್ತದೆ.

ಪಿಎಚ್ ನೋಡಿದರೆ ಗೊತ್ತಾಗಲ್ವಾ? ಡೆನ್ಮಾರ್ಕಿನ ಸೋರೆನ್ಸೆನ್ 1909ರಲ್ಲಿ ತಂದ ಈ ಅಳತೆ ದ್ರಾವಣದ ಆಮ್ಲೀಯತೆ ಎಷ್ಟು ಅಂತ ಹೇಳುತ್ತದೆ, ಕರಗಿರುವುದು ಯಾವ ವಸ್ತು ಅಂತ ಅಲ್ಲ. ವಾಷಿಂಗ್ ಸೋಡಾ ದ್ರಾವಣದ ಪಿಎಚ್ ಸುಮಾರು 11. ತುಂಬಾ ನೀರು ಬೆರೆಸಿದ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಕೂಡ ಅಷ್ಟೇ ತೋರಿಸಬಹುದು.

ಈ ಎರಡರ ಗುಟ್ಟು ಒಡೆಯಲು ಆಮ್ಲವೇ ಬೇಕು. ಬೇರೆ ಬೇರೆ ಪ್ರನಾಳಗಳಲ್ಲಿ ಎರಡಕ್ಕೂ ನೀರು ಬೆರೆಸಿದ ಆಮ್ಲವನ್ನು ಸಾಕಷ್ಟು ಹಾಕಿದರೆ ವಾಷಿಂಗ್ ಸೋಡಾ ಬುಸಬುಸನೆ ನೊರೆ ಉಕ್ಕಿಸುತ್ತದೆ. ಆ ಗುಳ್ಳೆಗಳಲ್ಲಿರುವುದು ಕಾರ್ಬನ್ ಡೈಆಕ್ಸೈಡ್. ಕಾಸ್ಟಿಕ್ ಸೋಡಾದಲ್ಲಿ ಗುಳ್ಳೆ ಏಳುವುದಿಲ್ಲ. ಆದರೆ ಮುಚ್ಚಳ ತೆಗೆದಿಟ್ಟ ಹಳೆಯ ಕಾಸ್ಟಿಕ್ ಸೋಡಾ ಆದರೆ ಒಂದಿಷ್ಟು ನೊರೆ ಬಂದೀತು. ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಅದರಲ್ಲಿ ಸ್ವಲ್ಪ ಆಗಲೇ ಸೋಡಿಯಂ ಕಾರ್ಬೊನೇಟ್ ಆಗಿರುತ್ತದೆ.