ಹುಷಾರಿಲ್ಲದ ಹುಷಾರ ಹುಡುಗ

ನನ್ನ ತಮ್ಮನ ಹೆಂಡತಿ ಮೈಸೂರಿನವಳು. ಕಳೆದ ಮಳೆಗಾಲದಲ್ಲಿ ವಿಜಯಪುರಕ್ಕೆ ಬಂದಾಗ ಮಗನ ಹಣೆ ಮುಟ್ಟಿ, ‘ಅತ್ತೆ, ಇವನಿಗೆ ಹುಷಾರಿಲ್ಲ’ ಅಂದಳು. ಅವ್ವನಿಗೆ ಸಿಟ್ಟೇ ಬಂತು. ‘ಯಾಕ? ಇಪ್ಪತ್ತರ ತನಕ ಮಗ್ಗಿ ಹೇಳ್ತಾನಲ್ಲ. ಭಾಳ ಹುಷಾರ ಅದಾನ!’

ನಮ್ಮ ಕಡೆ ಜ್ವರ ಬಂದರೆ ‘ಆರಾಮಿಲ್ಲ’. ಹುಷಾರ ಅಂದರೆ ಜಾಣ. ಬೆಳಗಾವಿಯ ಮರಾಠಿಗರೂ ಜಾಣನಿಗೆ ಹುಶಾರ್ ಅಂತಲೇ ಅನ್ನುತ್ತಾರೆ. ‘ಹುಷಾರಾಗಿ ಹೋಗು’ ಅಂದಾಗ ಮಾತ್ರ ಎಲ್ಲ ಊರಲ್ಲೂ ಅದು ಜೋಪಾನದ ಮಾತು.

ಬೇರು ಫಾರ್ಸಿಯದು. ಹೋಶ್ ಅಂದರೆ ಎಚ್ಚರ. ಹೋಶಿಯಾರ್ ಅಂದರೆ ಎಚ್ಚರ ಉಳ್ಳವನು. 1490ರಿಂದ 1686ರವರೆಗೆ ಆದಿಲ್‌ಶಾಹಿಗಳು ಆಳಿದ ಊರು ನಮ್ಮದು. ಫಿರಿಶ್ತಾ ತನ್ನ ಫಾರ್ಸಿ ಇತಿಹಾಸ ಬರೆದದ್ದು ಇಲ್ಲೇ. ಗೋಳಗುಮ್ಮಟದ ಬಾಗಿಲ ಮೇಲೆ ಇಂದಿಗೂ ಫಾರ್ಸಿ ಬರಹ ಇದೆ. ದಫ್ತರ, ಜಮೀನು, ಅಂದಾಜು, ಅಷ್ಟೇಕೆ, ನಮ್ಮ ‘ಆರಾಮ’ ಕೂಡ ಫಾರ್ಸಿಯೇ.

ಆದರೆ ನನಗೆ ಜಾಸ್ತಿ ಖುಷಿ ಕೊಡುವುದು ಮೈಸೂರಿನವರ ಅರ್ಥ. ಜ್ವರ ಬಂದವನಿಗೆ ‘ಎಚ್ಚರ ಸಾಲದು’ ಅನ್ನುವುದು ಎಷ್ಟು ಸರಿ ನೋಡಿ. ರೋಗಾಣು ಒಳಗೆ ಹೊಕ್ಕರೆ ರಕ್ಷಣಾ ಕೋಶಗಳು ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಊರಲ್ಲಿ ಡಂಗುರ ಸಾರಿದ ಹಾಗೆ. ಸುದ್ದಿ ರಕ್ತದ ದಾರಿಯಲ್ಲೂ ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ದಾರಿಯಲ್ಲೂ ಮಿದುಳು ಮುಟ್ಟುತ್ತದೆ. ಮಿದುಳು ಮೈಬಿಸಿ ಏರಿಸಿ, ಆಟ, ಹಸಿವು, ಮಾತು ಎಲ್ಲಕ್ಕೂ ಕಡಿವಾಣ ಹಾಕುತ್ತದೆ. ಯಾಕೆ? ಬಿಸಿ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಮೈಯ ಶಕ್ತಿಯ ಖರ್ಚು ನೂರಕ್ಕೆ ಸುಮಾರು 10ರಷ್ಟು ಹೆಚ್ಚುತ್ತದೆ. ಮಗಳ ಮದುವೆ ಇಟ್ಟುಕೊಂಡ ವರ್ಷ ಯಾರೂ ಬೋರ್‌ವೆಲ್ ಕೊರೆಸುವುದಿಲ್ಲ, ಅಲ್ವಾ? ಹಬ್ಬದ ಅಡುಗೆಯಲ್ಲಿರುವ ಗೃಹಿಣಿ ಬಾಗಿಲು ಬಡಿದರೂ ಓಗೊಡುವುದಿಲ್ಲ. ಹಾಗೇ ಇದು. 1988ರಲ್ಲಿ ಪಶುವೈದ್ಯ ಬೆಂಜಮಿನ್ ಹಾರ್ಟ್ ಇದನ್ನೇ ವಾದಿಸಿದರು: ಮೇವು ಬಿಟ್ಟು ಮಂಕಾಗಿ ಮಲಗಿದ ಪ್ರಾಣಿ ಸೋತು ಮಲಗಿದ್ದಲ್ಲ, ರೋಗದ ಜೊತೆ ಕಾದಾಡುತ್ತಿದೆ. ಎಚ್ಚರ ತಗ್ಗಿಸುವುದೇ ಆಗ ಮೈಯ ಜಾಣತನ!

ಅವ್ವ ಒಪ್ಪಬೇಕಲ್ಲ. ‘ನೆದರ ಆಗ್ಯದ’, ಅಂದರೆ ದೃಷ್ಟಿ ತಾಗಿದೆ ಅಂತ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಪಾಪ, ಸುಮ್ನೆ ಮಲಗಿದ್ದ ಹುಡುಗ ಘಾಟಿಗೆ ಕೆಮ್ಮಿ ಕೆಮ್ಮಿ ಎದ್ದು ಕೂತ. ಅಂದಹಾಗೆ ನೆದರ ಅರಬ್ಬಿಯ ನಜರ್. ಅದೂ ಪರದೇಶದ ಸರಕೇ.

ಡಾಕ್ಟರ್ ಹತ್ತಿರ ಹೋಗಿ ಬಂದೆವು. ಮೂರನೇ ದಿನ ಹುಡುಗ ತಾನಾಗಿ ರೊಟ್ಟಿ ಕೇಳಿದ.

‘ಸದ್ಯ, ಈಗ ಹುಷಾರಾದ’ ಅಂದಳು ತಾಯಿ.

‘ಮದಲ ದಡ್ಡ ಇದ್ದನೇನ?’ ಅಂದಳು ಅವ್ವ.