ಮತ್ತಾಯನ ವಂಶಾವಳಿಯ ಐದು ಹೆಂಗಸರು: ಓದುವುದು ಹೇಗೆ?

ಮತ್ತಾಯನ ಸುವಾರ್ತೆ ಶುರುವಾಗುವುದೇ ಹೆಸರುಗಳ ಸಾಲಿನಿಂದ. ಹೆಚ್ಚಿನವರು ಅದನ್ನು ದಾಟಿ, ಯೇಸುವಿನ ಹುಟ್ಟಿನ ಕಥೆ ಶುರುವಾಗುವ 18ನೇ ವಚನಕ್ಕೆ ಸೀದಾ ಹೋಗುತ್ತಾರೆ. ಆದರೆ ಅಬ್ರಹಾಮನಿಂದ ಯೇಸುವಿನವರೆಗಿನ ಆ ಪಟ್ಟಿಯಲ್ಲಿ ಐದು ಹೆಂಗಸರಿದ್ದಾರೆ: ತಾಮಾರ, ರಾಹಾಬ, ರೂತ್, ಊರೀಯನ ಹೆಂಡತಿ, ಕೊನೆಗೆ ಮರಿಯ. ಸಾರ ಇಲ್ಲ, ರೆಬೆಕ್ಕ ಇಲ್ಲ, ರಾಹೇಲ ಮತ್ತು ಲೇಯ ಕೂಡ ಇಲ್ಲ. ಎಲ್ಲರೂ ಗೌರವಿಸುವ ಆ ಮೂಲತಾಯಂದಿರನ್ನು ಬಿಟ್ಟು ಇವರನ್ನೇ ಏಕೆ ಸೇರಿಸಿದ?

ಮೊದಲು ಒಂದು ವಿಷಯ. ಯೆಹೂದ್ಯರ ವಂಶಾವಳಿಗಳಲ್ಲಿ ಹೆಂಗಸರ ಹೆಸರು ಬರುವುದೇ ಇಲ್ಲ ಎಂದು ಎಷ್ಟೋ ಪ್ರಸಂಗಗಳಲ್ಲಿ ಕೇಳುತ್ತೇವೆ. ಅದು ಸರಿಯಲ್ಲ. 1 ಪೂರ್ವಕಾಲವೃತ್ತಾಂತ 2:4ರಲ್ಲಿ ತಾಮಾರಳ ಹೆಸರಿದೆ, ಅದೇ ಅಧ್ಯಾಯದಲ್ಲಿ ಬೇರೆ ಹೆಂಗಸರೂ ಬರುತ್ತಾರೆ. ಆದರೆ ರೂತಳ ಪುಸ್ತಕದ ಕೊನೆಯಲ್ಲಿ (4:18-22) ತಾಮಾರಳ ಮಗ ಪೆರೆಚನಿಂದ ದಾವೀದನವರೆಗೆ ಬರೀ ಗಂಡಸರ ಹೆಸರುಗಳು. ಆ ಪಟ್ಟಿಯಲ್ಲಿ ರೂತಳೇ ಇಲ್ಲ! ಅದೇ ತಲೆಮಾರುಗಳನ್ನು ಬರೆಯುವಾಗ ಮತ್ತಾಯ ತಾಮಾರ, ರಾಹಾಬ, ರೂತ್ ಮೂವರನ್ನೂ ತಂದು ಕೂರಿಸುತ್ತಾನೆ. ಇದು ಬೇಕೆಂದೇ ಮಾಡಿದ ಕೆಲಸ.

ಹಳೆಯ ಉತ್ತರ ನಾಲ್ಕನೇ ಶತಮಾನದ ಬೈಬಲ್ ಪಂಡಿತ ಸಂತ ಜೆರೋಮ್ ಕೊಟ್ಟದ್ದು: ಇವರು ಪಾಪಿಗಳು, ಪಾಪಿಗಳಿಗಾಗಿ ಬಂದವನು ಪಾಪಿಗಳ ವಂಶದಲ್ಲಿ ಹುಟ್ಟಿದ. ಈ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ರೂತಳ ಪಾಪ ಯಾವುದು? ಗಂಡ ಸತ್ತ ಮೇಲೂ ಅತ್ತೆ ನೊವೊಮಿಯ ಕೈ ಬಿಡದೆ ಬೇತ್ಲೆಹೇಮಿಗೆ ಬಂದು, ಹೊಲದಲ್ಲಿ ಹಕ್ಕಲಾಯ್ದು ಅವಳನ್ನು ಸಾಕಿದವಳು ಅವಳು. ರಾಹಾಬ ಯೆರಿಕೋವಿನ ಸೂಳೆ, ನಿಜ. ಆದರೆ ಇಬ್ರಿಯರಿಗೆ ಬರೆದ ಪತ್ರ (11:31) ಮತ್ತು ಯಾಕೋಬನ ಪತ್ರ (2:25) ಅವಳನ್ನು ನೆನೆಯುವುದು ಹೊಗಳುವುದಕ್ಕೆ.

ಇನ್ನು ಬತ್ಷೆಬೆ, ಅಂದರೆ ಪಟ್ಟಿಯ ‘ಊರೀಯನ ಹೆಂಡತಿ’. 2 ಸಮುವೇಲ 11ನ್ನು ನಿಧಾನವಾಗಿ ಓದಿ. ಮಾಳಿಗೆಯ ಮೇಲಿಂದ ನೋಡಿದವನು ದಾವೀದ, ಆಳುಗಳನ್ನು ಕಳಿಸಿ ಕರೆಸಿದವನು ದಾವೀದ, ಯುದ್ಧದ ಮುಂಚೂಣಿಯಲ್ಲಿ ಊರೀಯನನ್ನು ನಿಲ್ಲಿಸಿ ಕೊಲ್ಲಿಸಿದವನೂ ದಾವೀದ. ಅರಸನ ಆಳುಗಳು ಬಾಗಿಲಿಗೆ ಬಂದಾಗ ಒಬ್ಬ ಸೈನಿಕನ ಹೆಂಡತಿ ಏನು ಮಾಡಬಹುದಿತ್ತು? ಪ್ರವಾದಿ ನಾತಾನ ಬಂದು ತಪ್ಪು ಹೊರಿಸಿದ್ದೂ ದಾವೀದನ ಮೇಲೆ. ಮತ್ತಾಯ ಅವಳನ್ನು ‘ಊರೀಯನ ಹೆಂಡತಿ’ ಎಂದೇ ಕರೆಯುತ್ತಾನೆ. ಅವಳ ಹೆಸರನ್ನೇ ಬಿಟ್ಟನಲ್ಲ ಎಂದು ಬೇಸರವಾಗಬಹುದು. ಆದರೆ ಅವಳ ಮಗ ಸೊಲೊಮೋನನ ಹೆಸರಿನ ಪಕ್ಕದಲ್ಲೇ ಕೊಲೆಯಾದವನ ಹೆಸರನ್ನೂ ನಿಲ್ಲಿಸಿದ್ದಾನೆ, ದಾವೀದನ ಅಪರಾಧ ಮುಚ್ಚಿಹೋಗಲು ಬಿಟ್ಟಿಲ್ಲ.

ಎರಡನೆಯ ಉತ್ತರ, ಇವರು ಅನ್ಯಜನರು, ಅಂದರೆ ಯೆಹೂದ್ಯರಲ್ಲದವರು ಅನ್ನುವುದು. ರಾಹಾಬ ಕಾನಾನ್ಯಳು, ರೂತ್ ಮೋವಾಬ್ಯಳು. ಹತ್ತನೇ ತಲೆಮಾರಿನವರೆಗೂ ಮೋವಾಬ್ಯರು ಸಭೆಗೆ ಸೇರಬಾರದೆಂದು ಧರ್ಮೋಪದೇಶಕಾಂಡ 23:3 ಹೇಳುತ್ತದೆ. ಅಂಥವಳು ದಾವೀದನ ತಂದೆಗೆ ಅಜ್ಜಿ! ಈ ಸುವಾರ್ತೆ ಮುಗಿಯುವುದೂ ‘ಎಲ್ಲಾ ಜನಾಂಗಗಳ’ ಮಾತಿನಿಂದಲೇ. ಹಾಗಾಗಿ ಈ ಉತ್ತರದಲ್ಲಿ ತಿರುಳಿದೆ. ಆದರೂ ಪೂರ್ತಿ ಸಾಲದು. ಹಿತ್ತಿಯನಾಗಿದ್ದವನು ಊರೀಯ, ಬತ್ಷೆಬೆ ಎಲೀಯಾಮನ ಮಗಳು. ತಾಮಾರ ಯಾವ ಜನಾಂಗದವಳೆಂದು ಆದಿಕಾಂಡ ಹೇಳುವುದೇ ಇಲ್ಲ. ಮರಿಯಳಂತೂ ಯೆಹೂದ್ಯಳು.

ಮರಿಯಳನ್ನೂ ಸೇರಿಸಿ ಓದಬೇಕಾದರೆ ಆದಿಕಾಂಡ 38ಕ್ಕೆ ಹೋಗಬೇಕು. ಇದೇ ಪಟ್ಟಿಯಲ್ಲಿರುವ ಯೆಹೂದನ ಇಬ್ಬರು ಮಕ್ಕಳನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾಗಿ ತಾಮಾರ ವಿಧವೆಯಾದಳು. ಮಕ್ಕಳಿಲ್ಲದೆ ಸತ್ತ ಅಣ್ಣನ ಹೆಂಡತಿಯನ್ನು ತಮ್ಮ ಮದುವೆಯಾಗಬೇಕೆಂಬ ಮೈದುನ ಧರ್ಮದ ಪ್ರಕಾರ ಮೂರನೆಯವನಾದ ಶೇಲಹನಿಗೆ ಅವಳನ್ನು ಕೊಡಬೇಕಿತ್ತು. ಯೆಹೂದ ಸುಮ್ನೆ ಮಾತು ಕೊಟ್ಟು ಅವಳನ್ನು ತವರಿಗೆ ಅಟ್ಟಿದ. ಮಗ ದೊಡ್ಡವನಾದರೂ ಕರೆಸಲಿಲ್ಲ. ಆಗ ಅವಳು ಮುಸುಕು ಹಾಕಿಕೊಂಡು ದಾರಿಯಲ್ಲಿ ಕೂತಳು. ಸೂಳೆಯೆಂದುಕೊಂಡ ಮಾವನಿಂದ ಮುದ್ರೆ, ದಾರ, ಕೋಲುಗಳನ್ನು ಒತ್ತೆ ಇಸಿದುಕೊಂಡಳು. ಮೂರು ತಿಂಗಳಾದ ಮೇಲೆ ಅವಳು ಬಸುರಿ ಎಂದು ತಿಳಿದಾಗ ಯೆಹೂದ ಹೇಳಿದ್ದು: ಹೊರಗೆ ಎಳೆತನ್ನಿ, ಸುಟ್ಟುಬಿಡಿ. ವಿಚಾರಣೆ ಇಲ್ಲ, ಅವಳ ಮಾತು ಕೇಳುವ ಗೋಜೂ ಇಲ್ಲ. ಒತ್ತೆಯ ಸಾಮಾನು ಕಣ್ಣೆದುರು ಬಂದ ಮೇಲಷ್ಟೇ ಅವಳು ತನಗಿಂತ ನೀತಿವಂತಳೆಂದು ಒಪ್ಪಿಕೊಂಡ.

ಈಗ ಮತ್ತಾಯ 1:19 ಓದಿ. ಇಲ್ಲೂ ನಿರೀಕ್ಷಿಸದ ಬಸಿರು, ಇಲ್ಲೂ ಹೆಣ್ಣಿನ ಬದುಕು ಒಬ್ಬ ಗಂಡಸಿನ ತೀರ್ಮಾನದ ಮೇಲೆ ನಿಂತಿದೆ. ಆದರೆ ಮರಿಯಳನ್ನು ಮದುವೆಯಾಗಬೇಕಿದ್ದ ಯೋಸೇಫ ಕೂಗಾಡುವುದಿಲ್ಲ. ಯಾವ ಸಾಕ್ಷಿಯೂ ಕೈಗೆ ಬರುವ ಮೊದಲೇ, ದೇವದೂತ ಕನಸಿನಲ್ಲಿ ಬರುವುದಕ್ಕೂ ಮೊದಲೇ, ಅವಳಿಗೆ ಅವಮಾನವಾಗಬಾರದು ಎಂದು ನಿರ್ಧರಿಸುತ್ತಾನೆ. ಅವನನ್ನು ನೀತಿವಂತ ಎಂದು ಮತ್ತಾಯ ಕರೆಯುವುದು ಇದೇ ಜಾಗದಲ್ಲಿ. ಪಟ್ಟಿಯಲ್ಲಿ ತಾಮಾರಳನ್ನು ಕಂಡು ಬಂದ ಓದುಗನಿಗೆ ಇಲ್ಲಿ ಯೆಹೂದ ನೆನಪಾಗದೇ ಇರುತ್ತಾನಾ?